ಬಂದೂಕನ್ನು ಬಿಚ್ಚುವ ಮುನ್ನ

ಮಹಾನವಮಿಯ ಖಂಡೆ ಪೂಜೆಯ ದಿನ ನಾರಾಯಣಖೇಡ ಸೀಮೆಯ ಒಂದು ಹಳ್ಳಿಯಲ್ಲಿ ಹಿರಿಯ ಒಕ್ಕಲಿಗರೊಬ್ಬರ ಮನೆಗೆ ನಾವು ಹೋಗಿದ್ದೆವು. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಗೆಯ ತಾಳು, ಕುಂಟೆಯ ಕುಡ, ಕುಡುಗೋಲು, ಕೊಡಲಿ, ಔಷಧ ಹೊಡೆಯುವ ಪಂಪು, ಟ್ರ್ಯಾಕ್ಟರಿನ ಚಾವಿ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಅವುಗಳ ನಡುವೆ ಗೋಡೆಗೆ ಆನಿಸಿ ಒಂದು ಟೋಪಿದಾರ ಬಂದೂಕು. ನಳಿಗೆಗೆ ಅರಿಷಿಣ ಕುಂಕುಮ ಬಳಿದು, ಬನ್ನಿ ಎಲೆ ಸಿಕ್ಕಿಸಿ, ಬಾಯಿಗೆ ಹೋಳು ಮಾಡಿದ ನಿಂಬೆಹಣ್ಣು ಒತ್ತಿದ್ದರು. ಅದರ ಎದುರಿನಲ್ಲೇ ಮೂವರು ಮೊಮ್ಮಕ್ಕಳು ಕೊಬ್ಬರಿ ತಿನ್ನುತ್ತ ಕುಳಿತಿದ್ದರು.

"ಮುತ್ಯಾ, ಇದರಾಗ ಏನಾರ ತುಂಬ್ಯದೇನು?" ಎಂದು ಕೇಳಿದೆವು.

"ಏನಿಲ್ಲ ತಗೋರಿ, ನಮ್ಮಪ್ಪ ಹೋದಾಗಿಂದ ಖಾಲಿನೇ ಅದ" ಎಂದರು.

ನಮ್ಮೊಡನೆ ಅದೇ ಊರಿನ ನಿವೃತ್ತ ಸಿಪಾಯಿಯೊಬ್ಬರು ಇದ್ದರು. ಅವರು ಮಾತಾಡದೆ ಮಕ್ಕಳನ್ನು ಒಳಗೆ ಕಳಿಸಿ, ಬಂದೂಕನ್ನು ಅಂಗಳಕ್ಕೆ ತಂದು, ಬಾಯಿ ಹೊಲದ ಕಡೆ ಮಾಡಿ, ನಳಿಗೆಯ ಕೆಳಗಿದ್ದ ಗಜವನ್ನು ತೆಗೆದು ಮೊದಲು ನಳಿಗೆಯ ಹೊರಮೈಗೆ ಹಿಡಿದು ಅಳೆದರು. ಆಮೇಲೆ ಬದಿಯಲ್ಲಿ ನಿಂತು ಅದನ್ನು ಮೆಲ್ಲಗೆ ಒಳಗೆ ಬಿಟ್ಟರು. ತಳ ಮುಟ್ಟುವುದಕ್ಕೆ ನಾಲ್ಕು ಬೆರಳು ಇರುವಾಗಲೇ ಗಜ ನಿಂತಿತು. ಬಂದೂಕು ತುಂಬಿತ್ತು! ತೊಟ್ಟಿನ ಮೇಲೆ ಕೇಪು ಇರಲಿಲ್ಲವೆಂಬುದು ಆ ಮನೆಯ ಪುಣ್ಯ. ನಳಿಗೆಯೊಳಗೆ ನೀರು ಹೊಯ್ದು ರಾತ್ರಿಯಿಡೀ ಬಿಟ್ಟು, ಠಾಣೆಗೆ ತಿಳಿಸಿ, ಲೈಸೆನ್ಸು ಇರುವ ಬಂದೂಕು ರಿಪೇರಿಯವರಿಂದ ಅದನ್ನು ತೆಗೆಸಿದರು. ಚಮಚೆಯಷ್ಟು ಕಪ್ಪು ಕೆಸರು, ಒಂದಿಷ್ಟು ಚಿಂದಿ, ಅಂಗೈ ತುಂಬ ಚರೆ ಬಂದವು. ಕರಿಮದ್ದು ಒಣಗಿದ್ದರೆ ಎಷ್ಟು ವರುಷವಾದರೂ ಸಾಯುವುದಿಲ್ಲ. ಲೈಸೆನ್ಸು ತಂದೆಯ ತರುವಾಯ ಮುತ್ಯಾ ಅವರ ಹೆಸರಿಗೆ ಆಗಿತ್ತು, ಪುಸ್ತಕ ಚೊಕ್ಕಟವಾಗಿತ್ತು. ಬಂದೂಕು ಮಾತ್ರ ಚೊಕ್ಕಟವಿರಲಿಲ್ಲ.

ಒಕ್ಕಲುತನದ ಪುಟದಲ್ಲಿ ಬಂದೂಕಿನ ಮಾತೇಕೆ ಎಂದು ಕೆಲವರು ಕೇಳಬಹುದು. ಬೆಳೆ ಕಾಯಲು ಕೊಟ್ಟ ಬಂದೂಕು ನಮ್ಮ ಲೆಕ್ಕದಲ್ಲಿ ಒಕ್ಕಲುತನದ ಸಾಮಾನೇ ಸರಿ. ಜಹೀರಾಬಾದದ ಕಬ್ಬು, ಆಲೂಗಡ್ಡೆ, ಶುಂಠಿಯ ಹೊಲಗಳಲ್ಲೂ, ನಾರಾಯಣಖೇಡದ ಹೆಸರು, ಹತ್ತಿ, ಜೋಳದ ಹೊಲಗಳಲ್ಲೂ, 2022ರಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರಿನ ತೊಗರಿಯ ಹೊಲಗಳಲ್ಲೂ ಕಾಡುಹಂದಿಯ ಕಾಟವನ್ನು ನಮ್ಮ ಓದುಗರಿಗೆ ನಾವು ವಿವರಿಸಬೇಕಿಲ್ಲ. 1959ರ ಆಯುಧ ಕಾಯಿದೆಯ 13ನೆಯ ಕಲಮು ಈ ಕಷ್ಟವನ್ನು ಮನಗಂಡೇ ಬರೆದದ್ದು. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆಂದು ಕೇಳುವ ನಾಗರಿಕನಿಗೆ ಬಾಯಿಯಿಂದ ಮದ್ದು ತುಂಬುವ ಬಂದೂಕಿನ ಲೈಸೆನ್ಸು ಕೊಡಬೇಕೆಂದೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ಬೇರೆ ಬಂದೂಕಿಗೆ ಕೊಡಬಹುದೆಂದೂ ಅದರಲ್ಲಿದೆ. ಹೀಗಾಗಿ ನಮ್ಮ ಹಳ್ಳಿಗಳಲ್ಲಿ ಲೈಸೆನ್ಸಿನ ಮೇಲೆ ಇರುವವು ಹೆಚ್ಚಾಗಿ ಎರಡೇ ಬಗೆ: ಹಳೆಯ ಟೋಪಿದಾರ, ಮತ್ತು ಕಾರತೂಸು ಹಾಕುವ 12 ಬೋರಿನ ಏಕನಳಿ ಅಥವಾ ಜೋಡುನಳಿ.

1956ರ ನವೆಂಬರ 1ರಂದು ಬೀದರ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದ ತಾಲೂಕುಗಳೂ, ಕಲಬುರ್ಗಿ ಜಿಲ್ಲೆಯ ತಾಂಡೂರೂ ಆಚೆ ಸೇರಿದವು. ಅಂದಿನಿಂದ ಸರಕಾರದ ಕಾಗದ ನಮಗೆ ನಮ್ಮ ಭಾಷೆಯಲ್ಲಿ ಬರುವುದು ಅಪರೂಪ. ಖಾತೆಯ ಕಾಗದ ತಪ್ಪಿ ಓದಿದರೆ ನಾಲ್ಕು ಸಲ ಕಚೇರಿಗೆ ಅಲೆಯಬೇಕಾದೀತು. ಬಂದೂಕಿನ ಪೆಟ್ಟಿಗೆಯೊಳಗಿನ ಸೂಚನೆಯನ್ನು ತಪ್ಪಿ ಓದಿದರೆ, ಇಲ್ಲವೆ ಓದಲಾರದೆ ಮಡಚಿಟ್ಟರೆ, ಆಗುವ ನಷ್ಟಕ್ಕೆ ಯಾವ ಕಚೇರಿಯಲ್ಲೂ ತಿದ್ದುಪಡಿಯಿಲ್ಲ. ಆದುದರಿಂದ ಇದನ್ನು ಕನ್ನಡದಲ್ಲಿ ಬರೆಯುವುದು ಈ ಪತ್ರಿಕೆಯ ಕೆಲಸವೆಂದು ನಾವು ತಿಳಿದಿದ್ದೇವೆ.

ನಮ್ಮ ತರುಣರು ಈಗ ಕೇಳುವುದೇ ಬೇರೆ. ಸಿನಿಮಾದಲ್ಲಿ, ಫೋನಿನಲ್ಲಿ ಕಂಡ ತಾನೇ ತುಂಬಿಕೊಳ್ಳುವ ರೈಫಲ್ಲನ್ನು ಬಿಚ್ಚುವುದು ಹೇಗೆ, ತೊಳೆಯುವುದು ಹೇಗೆ ಎಂದು ವಿಚಾರಿಸುತ್ತಾರೆ. ಅಂಥದು ಅವರ ಮನೆಗೆ ಬರುವ ಮಾತಲ್ಲ. ಸರಕಾರದ ಪಟ್ಟಿಯಲ್ಲಿ ಅದು ನಿರ್ಬಂಧಿತ ವರ್ಗದ್ದು, ಬೆಳೆ ಕಾಯಲು ಕೊಡುವಂಥದಲ್ಲ. ಆದರೆ ಅವರು ಕೇಳುವುದರಲ್ಲಿ ಕಲಿಯತಕ್ಕ ಒಂದು ಅಂಶವಿದೆ, ಅದನ್ನು ಹೇಳುತ್ತೇವೆ. ಇಂಥ ರೈಫಲ್ಲಿನಲ್ಲಿ ಒಂದು ಗುಂಡು ಹಾರಿದ ಶಕ್ತಿಯಿಂದಲೇ ಖಾಲಿ ತೋಟೆ ಹೊರಕ್ಕೆ ಬಿದ್ದು, ಕೆಳಗಿನ ಮ್ಯಾಗಜೀನಿನಿಂದ ಇನ್ನೊಂದು ಮೇಲೆ ಬಂದು ಕೂಡುತ್ತದೆ. ಕುದುರೆ ಎಳೆದಾಗಲೆಲ್ಲ ಒಂದೊಂದು. ಈಶಾಪುರದ ಕಾರಖಾನೆಯಲ್ಲಿ ಮಾಡಿ ನಮ್ಮ ಸೈನ್ಯ ಬಹುಕಾಲ ಹಿಡಿದ 7.62 ಮಿಲಿಮೀಟರಿನ ಎಸ್.ಎಲ್.ಆರ್. ಇದೇ ಜಾತಿಯದು, ಅದರ ಮ್ಯಾಗಜೀನಿನಲ್ಲಿ 20 ಗುಂಡು. ಮ್ಯಾಗಜೀನು ತೆಗೆದ ಮಾತ್ರಕ್ಕೆ ರೈಫಲ್ಲು ಬರಿದಾಯಿತೆಂದು ತಿಳಿಯುವುದು ದೊಡ್ಡ ಮೋಸ, ಏಕೆಂದರೆ ನಳಿಗೆಯ ಬುಡದ ಕೋಣೆಯಲ್ಲಿ ಒಂದು ಗುಂಡು ಆಗಲೇ ಕುಳಿತಿರುತ್ತದೆ. ಇನ್ನೂ ಕೇಡಿನ ತಪ್ಪು ಮ್ಯಾಗಜೀನು ಇರುವಂತೆಯೇ ಬೋಲ್ಟನ್ನು ಹಿಂದಕ್ಕೆ ಎಳೆದು ಬಿಡುವುದು. ಒಳಗಿದ್ದ ಗುಂಡು ಹೊರಬಿತ್ತೆಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಇನ್ನೊಂದು ಅದರ ಜಾಗದಲ್ಲಿ ಕುಳಿತಾಗಿರುತ್ತದೆ. ಆದ್ದರಿಂದ ಸೈನ್ಯದಲ್ಲಿ ಮೊದಲು ಮ್ಯಾಗಜೀನು, ಆಮೇಲೆ ಬೋಲ್ಟು, ಆಮೇಲೆ ಕಣ್ಣು, ಆಮೇಲೆ ಬೆರಳು ಎಂಬ ಕ್ರಮವನ್ನು ನಿದ್ದೆಯಲ್ಲೂ ತಪ್ಪದಂತೆ ಕಲಿಸುತ್ತಾರೆ. ಇಷ್ಟೆಲ್ಲ ಮುಗಿಯದೆ ಒಂದು ಭಾಗವನ್ನೂ ಕಳಚುವಂತಿಲ್ಲ. ನಮ್ಮೂರಿನ ಸಿಪಾಯಿಗೆ ಮುತ್ಯಾ ಅವರ ಮಾತಿನ ಮೇಲೆ ವಿಶ್ವಾಸವಿರಲಿಲ್ಲವೆಂದಲ್ಲ. ಬಂದೂಕಿನ ವಿಷಯದಲ್ಲಿ ಅವರು ಯಾರ ಮಾತನ್ನೂ, ತಮ್ಮ ನೆನಪನ್ನೂ, ನಂಬದಂತೆ ಕಲಿತವರು.

ಇದೇ ಕ್ರಮವನ್ನು ನಮ್ಮ ಬಂದೂಕುಗಳಿಗೆ ಹೊಂದಿಸಿಕೊಳ್ಳೋಣ.

ಟೋಪಿದಾರದ ಕಷ್ಟವೆಂದರೆ ಅದರ ಹೊಟ್ಟೆ ಕಾಣುವುದಿಲ್ಲ. ಕೇಪು ತೆಗೆದರೂ ಮದ್ದು ಚರೆ ಒಳಗೇ ಇರುತ್ತವೆ. ಇದಕ್ಕೆ ಬಲು ಹಿಂದಿನ ಉಪಾಯವೊಂದುಂಟು, ಖರ್ಚಿಲ್ಲದ್ದು. ಬಂದೂಕು ಬರಿದಾಗಿದೆಯೆಂದು ತಿಳಿದವರಿಂದ ಖಾತ್ರಿ ಮಾಡಿಸಿಕೊಂಡ ದಿನ ಗಜವನ್ನು ತಳದವರೆಗೆ ಬಿಟ್ಟು, ನಳಿಗೆಯ ಬಾಯಿಗೆ ಸರಿಯಾಗಿ ಅದರ ಮೇಲೆ ಒಂದು ಗೀರು ಹಾಕಿರಿ. ಮುಂದೆ ಯಾವಾಗ ಗಜ ಬಿಟ್ಟರೂ ಗೀರು ಬಾಯಿಯ ಮಟ್ಟಕ್ಕೆ ಬಂದರೆ ಒಳಗೆ ಏನೂ ಇಲ್ಲ, ಗೀರು ಮೇಲೆ ನಿಂತರೆ ಏನೋ ಇದೆ. ಪ್ರತಿ ಸಲ ಬಂದೂಕು ಕೈಗೆ ತೆಗೆದುಕೊಂಡಾಗ ಮೊದಲು ಕೇಪು ಇಲ್ಲವೆಂದು ನೋಡುವುದು, ಎರಡನೆಯದು ಗಜ. ಗಜ ಬಿಡುವಾಗ ಮುಖವೂ ಅಂಗೈಯೂ ಬಾಯಿಯ ನೇರಕ್ಕೆ ಬಾರದಿರಲಿ, ಎರಡು ಬೆರಳಲ್ಲಿ ಹಿಡಿದರೆ ಸಾಕು. ಒಳಗೆ ಮದ್ದು ಸಿಕ್ಕಿಕೊಂಡಿದ್ದರೆ ಕೊಕ್ಕೆಯಿಂದ ಕೆದಕಬಾರದು, ಬೆಂಕಿಯ ಬಳಿ ಒಯ್ಯಬಾರದು. ಮುತ್ಯಾ ಅವರ ಮನೆಯಲ್ಲಿ ಮಾಡಿದಂತೆ ನೀರು ಹೊಯ್ದು, ತಿಳಿದವರ ಕೈಗೆ ಕೊಡಬೇಕು.

ಕಾರತೂಸಿನ ಬಂದೂಕು ಈ ವಿಷಯದಲ್ಲಿ ಸರಳ. ಅಂಗಳದಲ್ಲಿ ನಿಂತು, ಜನ ದನ ಇಲ್ಲದ ದಿಕ್ಕಿಗೆ ಬಾಯಿ ಮಾಡಿ, ಬೆರಳು ಕುದುರೆಯಿಂದ ದೂರವಿಟ್ಟು, ನಳಿಗೆಯ ಹಿಂದಿನ ಖಿಟ್ಟಿಯನ್ನು ಸರಿಸಿ ತೆರೆಯಿರಿ. ಎರಡು ಕೋಣೆಗಳನ್ನೂ ಕಣ್ಣಿಂದ ನೋಡಿರಿ, ಬೆರಳಿಂದ ಮುಟ್ಟಿ ನೋಡಿರಿ. ಕತ್ತಲಲ್ಲಿ ಕಣ್ಣು ತಪ್ಪಬಹುದು, ಬೆರಳು ತಪ್ಪುವುದಿಲ್ಲ. ತೆಗೆದ ಕಾರತೂಸುಗಳನ್ನು ಎಣಿಸಿ ಬೇರೆ ಕೋಣೆಯಲ್ಲಿ ಕೀಲಿ ಹಾಕಿ ಬನ್ನಿರಿ. ತೊಳೆಯುವ ಜಾಗದಲ್ಲಿ ಒಂದೇ ಒಂದು ಕಾರತೂಸು ಇರಬಾರದು. ಚಹಾ ಕುಡಿಯಲು ಎದ್ದು ಹೋಗಿ ಬಂದರೆ ಪುನಃ ತೆರೆದು ನೋಡಿರಿ. ಚುನಾವಣೆಯ ಕಾಲಕ್ಕೆ ಠಾಣೆಯಲ್ಲಿ ಜಮೆ ಮಾಡಿ ವಾಪಸು ತಂದಾಗಲೂ ಹೀಗೆಯೇ. ಹತ್ತು ಕೈ ದಾಟಿ ಬಂದ ಬಂದೂಕು ನೀವು ಕೊಟ್ಟಂತೆಯೇ ಇದೆಯೆಂದು ಭಾವಿಸಬೇಡಿರಿ.

ಇನ್ನು ಬಿಚ್ಚುವ ಮಾತು. ಕಾರತೂಸಿನ ಬಂದೂಕು ಮನೆಯಲ್ಲಿ ಮೂರೇ ತುಂಡಾಗಬೇಕು: ನಳಿಗೆ, ಅದರ ಕೆಳಗಿನ ಮುಂಗಟ್ಟಿಗೆ, ಮತ್ತು ಹಿಂದಿನ ಕುಂದಾ. ಮುಂಗಟ್ಟಿಗೆಯನ್ನು ಎಳೆದು ಬಿಡಿಸಿ, ನಳಿಗೆಯನ್ನು ಬಾಗಿಸಿದರೆ ಕೊಕ್ಕೆಯಿಂದ ಕಳಚಿ ಬರುತ್ತದೆ. ಇದಕ್ಕೆ ಪಾನಾ ಬೇಡ, ಸ್ಕ್ರೂ ಡ್ರೈವರು ಬೇಡ. ಎಲ್ಲಿ ಸ್ಕ್ರೂ ತಿರುಗಿಸಬೇಕಾಯಿತೋ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಬೀಗದೊಳಗಿನ ಸ್ಪ್ರಿಂಗು ಒಮ್ಮೆ ಜಾಗ ತಪ್ಪಿದರೆ ಕುದುರೆ ಮುಟ್ಟದೆಯೇ ಹಾರುವ ಬಂದೂಕಾದೀತು. ಬೋರ್‌ವೆಲ್ಲಿನ ಮೋಟಾರನ್ನು ಬಿಚ್ಚಿ ಕಟ್ಟಿದ ಕೈ ನನ್ನದು, ಇದೇನು ಮಹಾ ಎನ್ನುವ ಅಣ್ಣಂದಿರು ಪ್ರತಿ ಊರಲ್ಲೂ ಇದ್ದಾರೆ. ಮೋಟಾರು ತಪ್ಪಿ ಕಟ್ಟಿದರೆ ಸುಡುವುದು ಮೋಟಾರು. ಮೇಲಾಗಿ ಬಂದೂಕು ರಿಪೇರಿಗೆ ಕಾಯಿದೆಯ 5ನೆಯ ಕಲಮಿನಂತೆ ಲೈಸೆನ್ಸು ಬೇಕು, ನಳಿಗೆಯನ್ನು ಕೊಯ್ದು ಗಿಡ್ಡ ಮಾಡುವುದಕ್ಕೆ 6ನೆಯ ಕಲಮಿನಲ್ಲಿ ತಡೆಯಿದೆ. ಒಡೆದ ನಳಿಗೆಗೆ ಊರ ಕಮ್ಮಾರನಿಂದ ಬೆಸುಗೆ ಹಾಕಿಸುವುದಂತೂ ಆತ್ಮಹತ್ಯೆಯ ದಾರಿ. ಆ ಕಮ್ಮಾರನು ಎಷ್ಟೇ ಜಾಣನಿರಲಿ, ಕಾಯಿಸಿದ ಉಕ್ಕು ಮೊದಲಿನ ಗಟ್ಟಿತನವನ್ನು ಉಳಿಸಿಕೊಳ್ಳುವುದಿಲ್ಲ.

ನಳಿಗೆ ಕೈಗೆ ಬಂದೊಡನೆ ಬುಡದಿಂದ ಬೆಳಕಿನ ಕಡೆ ನೋಡಿರಿ. ನಮ್ಮ ಕಡೆ ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಗೋಡೆಗೆ ತೂಗಿಸಿದ ನಳಿಗೆಯ ಬಾಯಿಯಲ್ಲಿ ಮನೆ ಮಾಡುವುದುಂಟು. ಎರೆಮಣ್ಣಿನ ಹೊಲದಲ್ಲಿ ಜಾರಿದಾಗ ಬಾಯಿಗೆ ಕೆಸರು ಮೆತ್ತುವುದುಂಟು. ಅಷ್ಟು ಅಡ್ಡಿ ಸಾಕು, ಚರೆ ಹೊರಹೋಗಲಾರದೆ ನಳಿಗೆ ಸೀಳಿ ಹಿಡಿದವನ ಕೈಯನ್ನೇ ಕೀಳುತ್ತದೆ. ಅಡ್ಡಿಯನ್ನು ಗುಂಡು ಹಾರಿಸಿ ತೆಗೆಯುತ್ತೇನೆಂದವರನ್ನು ನಾವು ಬಲ್ಲೆವು. ಅವರ ಎಡಗೈಯಲ್ಲಿ ಈಗ ಎರಡು ಬೆರಳುಗಳಿಲ್ಲ.

ತೊಳೆಯಲು ಹಿತ್ತಾಳೆಯ ಅಥವಾ ಗಟ್ಟಿ ಮರದ ಸಲಾಕೆ, ಮೆತ್ತನೆಯ ಹಳೆಯ ಧೋತರದ ಚಿಂದಿ, ಸ್ವಲ್ಪ ಸೀಮೆಎಣ್ಣೆ ಇಲ್ಲವೆ ಬಂದೂಕಿನ ಅಂಗಡಿಯಲ್ಲಿ ಸಿಕ್ಕುವ ತೊಳೆಯೆಣ್ಣೆ ಸಾಕು. ತೊಗರಿಕಟ್ಟಿಗೆಯನ್ನು ಸಲಾಕೆ ಮಾಡುವ ರೂಢಿಯನ್ನು ತಾಂಡೂರಿನ ಕಡೆ ಕಂಡಿದ್ದೇವೆ. ಕಟ್ಟಿಗೆ ನೆಟ್ಟಗಿದೆ ನಿಜ, ಆದರೆ ಒಣಗಿದ್ದು ಪಟಕ್ಕನೆ ಮುರಿದು ಒಳಗೆ ಉಳಿಯುತ್ತದೆ. ಅದನ್ನು ಬಿಡಿರಿ. ಕಾರತೂಸಿನ ಬಂದೂಕಾದರೆ ಸಲಾಕೆಯನ್ನು ಬುಡದಿಂದ ಬಾಯಿಯ ಕಡೆಗೆ ತಳ್ಳಬೇಕು. ಹೊಲಸು ಯಂತ್ರದೊಳಗೆ ಬೀಳದೆ ಹೊರಗೆ ಹೋಗುತ್ತದೆ. ಚಿಂದಿ ಬೆಳ್ಳಗೆ ಬರುವವರೆಗೆ ಬದಲಿಸುತ್ತ ಎಳೆದು, ಕೊನೆಗೆ ಒಣ ಚಿಂದಿ, ಅದರ ತರುವಾಯ ಎಣ್ಣೆಯ ಕೈ ಒರೆಸಿದಷ್ಟೇ ಪಸೆಯ ಚಿಂದಿ. ಸೀಮೆಎಣ್ಣೆಯ ಕೆಲಸ ಗಾಳಿಯಾಡುವಲ್ಲಿ ನಡೆಯಲಿ, ಒಲೆಯೂ ಬೀಡಿಯೂ ದೂರವಿರಲಿ.

ಟೋಪಿದಾರಕ್ಕೆ ಸೀಮೆಎಣ್ಣೆಗಿಂತ ಬಿಸಿನೀರು ಮೇಲು. ಕರಿಮದ್ದೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಟ್ಟ ಮೇಲೆ ಉಳಿಯುವ ಮಸಿ ಉಪ್ಪಿನ ಜಾತಿಯದು, ಗಾಳಿಯ ತೇವವನ್ನು ಹೀರಿ ಒಂದೆರಡು ದಿನಗಳಲ್ಲೇ ಕಬ್ಬಿಣವನ್ನು ತಿನ್ನತೊಡಗುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಮಳೆಗಾಲದ ಮೃಗ ಮಳೆಯಲ್ಲಿ ಹಾರಿಸಿದ ಬಂದೂಕನ್ನು ನಾಳೆ ತೊಳೆದರಾಯಿತೆಂದು ಮೂಲೆಗಿಟ್ಟರೆ ಹಿಂಗಾರಿಯ ಹೊತ್ತಿಗೆ ನಳಿಗೆಯೊಳಗೆ ಸಿಡುಬಿನ ಕಲೆಯಂತೆ ಕುಳಿಗಳು ಬಿದ್ದಿರುತ್ತವೆ. ಹಾರಿಸಿದ ದಿನವೇ ಸಾಬೂನು ಬೆರೆಸಿದ ಬಿಸಿನೀರಿನಿಂದ ತೊಳೆದು, ಬರಿಯ ಬಿಸಿನೀರು ಹೊಯ್ದು, ಕಬ್ಬಿಣದ ಬಿಸಿಗೇ ಒಣಗುವಂತೆ ಬಿಟ್ಟು, ಆಮೇಲೆ ಎಣ್ಣೆ. ಬೂದಿ, ಉಸುಕು, ಇಟ್ಟಿಗೆಪುಡಿ ಹಾಕಿ ಪಾತ್ರೆಯಂತೆ ಬೆಳಗುವವರೂ ಇದ್ದಾರೆ. ಹೊಳಪು ಬರುತ್ತದೆ, ನಳಿಗೆ ಸವೆಯುತ್ತದೆ.

ಎಣ್ಣೆಯ ವಿಷಯದಲ್ಲಿ ನಮ್ಮ ಸೀಮೆಯ ಜನಕ್ಕೆ ವಿಶೇಷವಾಗಿ ಹೇಳುವುದಿದೆ. ಕುಸುಬಿ, ಅಗಸೆ ನಮ್ಮ ಹೊಲದ ಬೆಳೆಗಳು, ಗಾಣದ ಎಣ್ಣೆ ಮನೆಯಲ್ಲೇ ಇರುತ್ತದೆ, ಆದ್ದರಿಂದ ಎತ್ತಿನ ಕೊಂಬಿಗೂ ಬಂದೂಕಿಗೂ ಅದೇ ಹಚ್ಚುತ್ತಾರೆ. ಈ ಎರಡೂ ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆಗಳು. ಬಣ್ಣಕ್ಕೆ ಅಗಸೆ ಎಣ್ಣೆ ಬೆರೆಸುವುದು ಆ ಗುಣಕ್ಕಾಗಿಯೇ. ಯಂತ್ರದೊಳಗೆ ಹೋದರೆ ಅಂಟಿನಂತೆ ಕೂತು ಕುದುರೆಯನ್ನು ಅರ್ಧಕ್ಕೆ ಹಿಡಿಯುತ್ತವೆ, ಆಮೇಲೆ ಯಾವಾಗ ಬಿಡುತ್ತವೋ ಹೇಳುವಂತಿಲ್ಲ. ಕುಂದಾದ ಕಟ್ಟಿಗೆಗೆ ಅಗಸೆ ಎಣ್ಣೆ ತೆಳ್ಳಗೆ ಸವರಿದರೆ ಬಲು ಒಳ್ಳೆಯದು, ಬಿರುಕು ಬಿಡುವುದಿಲ್ಲ. ಕಬ್ಬಿಣಕ್ಕೆ ಬಂದೂಕಿನ ಎಣ್ಣೆ, ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ, ಅದೂ ಒಂದೆರಡು ಹನಿ. ಮತ್ತೆ ಹಾರಿಸುವ ಮುನ್ನ ನಳಿಗೆಯೊಳಗಿನ ಎಣ್ಣೆಯನ್ನು ಒರೆಸಬೇಕು.

ಖಂಡೆ ಪೂಜೆಯನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಎದ್ದ ಸಂಗತಿ ಲಾವಣಿಯಾಗಿ ಇಂದಿಗೂ ಕನ್ನಡಿಗರ ಕಿವಿಯಲ್ಲಿದೆ. ಆಯುಧದ ಮೇಲಿನ ಗೌರವ ನಮ್ಮಲ್ಲಿ ಹೊಸದಲ್ಲ. ಆದರೆ ಕುಂಕುಮದ ಪುಡಿ ಬೀಗದೊಳಗೆ ಸೇರಿ ತೇವ ಹಿಡಿಯುತ್ತದೆ, ನಿಂಬೆಯ ಹುಳಿ ಒಂದೇ ರಾತ್ರಿಯಲ್ಲಿ ಉಕ್ಕಿಗೆ ತುಕ್ಕು ತರುತ್ತದೆ. ಕುಂದಾಕ್ಕೆ ಒಂದು ಬೊಟ್ಟು ಇಡಿರಿ, ನಿಂಬೆಹಣ್ಣನ್ನು ಕಂಬಳಿಯ ಮೇಲೆ ಇಡಿರಿ, ದೇವಿ ಮುನಿಯುವುದಿಲ್ಲ. ಹಬ್ಬಕ್ಕೋ ಮದುವೆಗೋ ಆಕಾಶಕ್ಕೆ ಹಾರಿಸುವ ಚಾಳಿಯನ್ನಂತೂ ಬಿಡಲೇಬೇಕು; 2019ರ ತಿದ್ದುಪಡಿಯಿಂದ ಅಲಕ್ಷ್ಯದಿಂದ ಹಾಗೆ ಹಾರಿಸಿ ಪರರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹಾಗೆಯೇ ಟೋಪಿದಾರಕ್ಕೆ ಕಲ್ಲುಗಣಿಯ ಸಿಡಿಮದ್ದನ್ನಾಗಲಿ ಪಟಾಕಿಯ ಪುಡಿಯನ್ನಾಗಲಿ ತುಂಬಬಾರದು. ಅಜ್ಜನ ಕಾಲದ, ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ನಳಿಗೆಯ ಬಂದೂಕಿಗೆ ಇಂದಿನ ಹೊಗೆಯಿಲ್ಲದ ಮದ್ದಿನ ಕಾರತೂಸು ಹಾಕಬಾರದು. ಆ ಒತ್ತಡಕ್ಕೆ ಅದನ್ನು ಮಾಡಿದ್ದಲ್ಲ. ಬಂದೂಕಿನ ಲೈಸೆನ್ಸು ಬೇಟೆಯ ಲೈಸೆನ್ಸಲ್ಲವೆಂಬುದೂ ನೆನಪಿರಲಿ. 1972ರ ವನ್ಯಜೀವಿ ಕಾಯಿದೆಯಂತೆ ಕಾಡುಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಕೃಷ್ಣಮೃಗದ ಮಾತೇ ಬೇಡ. ಇದನ್ನು ತಪ್ಪಿಸಿಕೊಳ್ಳಲು ಹೊಲದ ಸುತ್ತ ಕರೆಂಟಿನ ತಂತಿ ಕಟ್ಟುವವರಿಗೆ ಹೇಳಲು ನಮ್ಮಲ್ಲಿ ಒಳ್ಳೆಯ ಮಾತಿಲ್ಲ. ಅದಕ್ಕೆ ಬೀಳುವುದು ಹಂದಿ ಮಾತ್ರವಲ್ಲ.

ಸರಕಾರದ ಬಳಿ ನಾವು ಕೇಳುವುದು ಎರಡು. ಸಂಗಾರೆಡ್ಡಿ, ವಿಕಾರಾಬಾದ ಜಿಲ್ಲೆಗಳ ಕನ್ನಡ ಊರುಗಳ ಲೈಸೆನ್ಸುದಾರರಿಗೆ ಷರತ್ತುಗಳ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ. ತೆಲುಗು, ಉರ್ದುಗಳ ಜೊತೆಗೆ ಒಂದು ಹಾಳೆ ಹೆಚ್ಚಾದರೆ ಖಜಾನೆ ಬರಿದಾಗದು. ಎರಡನೆಯದು, 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಅಲೆದಾಟ ಕಡಮೆಯಾಯಿತೆಂದು ನಾವೂ ಸಂತೋಷಪಟ್ಟೆವು. ಆದರೆ ಐದು ವರ್ಷ ಬಂದೂಕಿನೊಳಗೆ ಯಾರೂ ಕಣ್ಣು ಹಾಯಿಸದೆ ಇರುವುದು ಸರಿಯಲ್ಲ. ವರ್ಷಕ್ಕೊಂದು ದಿನ ತಾಲೂಕಿನ ಊರಿಗೆ ಲೈಸೆನ್ಸು ಇರುವ ರಿಪೇರಿಯವರನ್ನು ಕರೆಸಿ ಹಳೆಯ ಬಂದೂಕುಗಳ ನಳಿಗೆ, ಕೀಲು ತೋರಿಸಿಕೊಳ್ಳುವ ಏರ್ಪಾಡು ಮಾಡಿದರೆ, ಶುಲ್ಕ ಕೊಟ್ಟಾದರೂ ನಮ್ಮ ರೈತರು ಬರುತ್ತಾರೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಲೈಸೆನ್ಸುದಾರರು ತೀರಿಕೊಂಡ ಮನೆಗಳಲ್ಲಿ ಬಂದೂಕು ಅಟ್ಟದ ಮೇಲೆ ಉಳಿದಿರುವುದನ್ನು ನಾವು ಬಲ್ಲೆವು. ತಂದೆಯ ನೆನಪೆಂದು ಇಟ್ಟುಕೊಂಡರೂ ಕಾಯಿದೆಯ ಕಣ್ಣಿಗೆ ಅದು ಅಪರಾಧ. 21ನೆಯ ಕಲಮಿನಂತೆ ತಡಮಾಡದೆ ಹತ್ತಿರದ ಠಾಣೆಯಲ್ಲಾಗಲಿ ಲೈಸೆನ್ಸು ಇರುವ ವ್ಯಾಪಾರಿಯಲ್ಲಾಗಲಿ ಜಮೆ ಮಾಡಿ ರಸೀದಿ ಪಡೆಯಬೇಕು. ಆಮೇಲೆ ಬೇಕಾದವರು ತಮ್ಮ ಹೆಸರಿಗೆ ಲೈಸೆನ್ಸು ಕೇಳಬಹುದು. ಅಟ್ಟದಿಂದ ಇಳಿಸುವ ಮೊದಲು ಮಕ್ಕಳನ್ನು ಹೊರಗೆ ಕಳಿಸಿರಿ. ಬಾಯಿ ಯಾರ ಕಡೆಗೂ ಬಾರದಂತೆ ಇಳಿಸಿ, ಗಜ ಬಿಟ್ಟು ನೋಡಿರಿ.